ಆಫ್ರಿಕಾ ಪಾಠ ಮಗಳಿಗೆ ಹೇಗೆ ಹೇಳಿಕೊಡಲಿ?

ಕುಮಟಾ_ಅಮ್ಮ
ಎಲ್ಲರಿಗೂ ನಮಸ್ಕಾರ. ಮಗಳು ಒಂಬತ್ತನೇ ಕ್ಲಾಸು. ಆಫ್ರಿಕಾದ ನೈಸರ್ಗಿಕ ಸಂಪತ್ತು, ಅದರ ಮೇಲೆ ಮನುಷ್ಯರ ಕೈವಾಡ, ಇದರ ಬಗ್ಗೆ ಐದು ನಿಮಿಷ ಮಾತಾಡಬೇಕಂತೆ. ಚಿನ್ನ, ವಜ್ರ, ತಾಮ್ರ, ಕಾಡು ನಾಶ, ಮರುಭೂಮಿ ಅಂತ ಪಟ್ಟಿ ಮಾಡಿ ಬಾಯಿಪಾಠ ಮಾಡ್ತಾ ಇದ್ದಾಳೆ. ಒಂದೂ ಒಳಗೆ ಇಳಿದಿಲ್ಲ. "ಅಷ್ಟು ದೂರದ್ದು ನಮಗ್ಯಾಕೆ ಅಮ್ಮ" ಅಂತಾಳೆ. ನಮ್ಮ ಮನೆ ಅಘನಾಶಿನಿ ದಡದಲ್ಲಿ. ಇಳಿತದ ಹೊತ್ತಿಗೆ ಎದುರಲ್ಲೇ ಬಳಚು (ತಿನ್ನುವ ಚಿಪ್ಪುಜೀವಿ) ಆರಿಸುತ್ತಾರೆ. ಇದನ್ನೇ ಇಟ್ಟುಕೊಂಡು ಅಲ್ಲಿಯದನ್ನು ಹೇಳಲು ಆಗುತ್ತಾ?

ಕಾರವಾರ_ಬಲೆ
ಆಗುತ್ತೆ ಅಕ್ಕ. ಆದರೆ ಇಡೀ ಖಂಡ ಬೇಡ, ನೈಲ್ ನದಿ ಒಂದೇ ಸಾಕು.

ಇಥಿಯೋಪಿಯಾದ ಗುಡ್ಡಗಳಲ್ಲಿ ಮಳೆ ಬಿದ್ದರೆ ಅಲ್ಲಿಯ ಮಣ್ಣು ನೈಲ್‌ನ ಉಪನದಿ ನೀಲಿ ನೈಲ್‌ನಲ್ಲಿ ಹರಿದು ಈಜಿಪ್ಟ್‌ಗೆ ಬರುತ್ತಿತ್ತು. ಪ್ರತಿವರ್ಷ ನೆರೆ, ನೆರೆ ಇಳಿದ ಮೇಲೆ ಹೊಲದಲ್ಲಿ ಹೊಸ ಮೆಕ್ಕಲು, ಸಾವಿರಾರು ವರ್ಷ ರೈತರು ಅದನ್ನೇ ನಂಬಿ ಬೆಳೆದರು. 1964ರಲ್ಲಿ ಈಜಿಪ್ಟ್‌ನ ಅಸ್ವಾನ್ ಅಣೆಕಟ್ಟಿನ ಹಿಂದೆ ನೀರು ನಿಲ್ಲತೊಡಗಿತು, 1970ರಲ್ಲಿ ಕಟ್ಟಿ ಮುಗಿಯಿತು. ಮಣ್ಣೆಲ್ಲ ಅಲ್ಲೇ ತಳ ಸೇರಿತು.

ನಾನು ಮೀನುಗಾರರ ಮನೆಯವನು, ನನಗೆ ಹೊಟ್ಟೆಯಲ್ಲಿ ಕಲಸಿದಂತಾದದ್ದು ಮುಂದಿನ ವಿಷಯ ಓದಿ. ನೆರೆ ನೀರು ಕಡಲು ಸೇರಿದಾಗ ಅದರ ಸತ್ವಕ್ಕೆ ಕಣ್ಣಿಗೆ ಕಾಣದ ಪಾಚಿ ಹುಲುಸಾಗಿ ಬೆಳೆಯುತ್ತಿತ್ತು, ಅದನ್ನು ಮೇಯಲು ನಮ್ಮ ತಾರ್ಲೆಯ (ಸಾರ್ಡಿನ್) ಬಳಗದ್ದೇ ಮೀನು ಹಿಂಡು ಹಿಂಡಾಗಿ ಬರುತ್ತಿತ್ತು. 1962ರಲ್ಲಿ ಸುಮಾರು 18 ಸಾವಿರ ಟನ್ ಸಿಕ್ಕ ಆ ಮೀನು, ಆ ದಶಕ ಮುಗಿಯುವಷ್ಟರಲ್ಲಿ ಸಾವಿರ ಟನ್ನಿಗೂ ಕಡಿಮೆ. ಕಟ್ಟಿದ್ದು ನೂರಾರು ಮೈಲಿ ಮೇಲೆ, ಬಲೆ ಖಾಲಿಯಾದದ್ದು ನದಿ ಬಾಯಲ್ಲಿ! ಎಷ್ಟೋ ವರ್ಷ ಬಿಟ್ಟು ಮೀನು ಮತ್ತೆ ಜಾಸ್ತಿಯಾಯಿತು, ಆದರೆ ಅದಕ್ಕೆ ರಸಗೊಬ್ಬರ ಮತ್ತು ಊರಿನ ಕೊಳಚೆ ನೀರು ಕಾರಣ ಎನ್ನುತ್ತಾರೆ ಸಂಶೋಧಕರು.

ಅಘನಾಶಿನಿಗೆ ದೊಡ್ಡ ಅಣೆಕಟ್ಟು ಇಲ್ಲ, ಅಳಿವೆಗೆ 2024ರಲ್ಲಿ ರಾಮ್ಸಾರ್ ಪಟ್ಟಿಯಲ್ಲಿ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಯಲ್ಲಿ, ಜಾಗ ಸಿಕ್ಕಿದೆ. ಮಗಳಿಗೆ ಒಂದು ಕೆಲಸ ಹೇಳಿ. ಈಗ ಗುಡ್ಡದಿಂದ ಇಳಿಯುವ ಕೆಂಪು ನೀರನ್ನು ಗಾಜಿನ ಬಾಟಲಿಗೆ ತುಂಬಿ ಅಲ್ಲಾಡಿಸದೆ ಒಂದು ರಾತ್ರಿ ಇಡಲಿ.

ಹೊನ್ನಾವರ_ಹೊಳೆ
ಒಂದು ಮಾತು ಸೇರಿಸ್ತೇನೆ. 1980ರ ದಶಕದಲ್ಲಿ ಇಥಿಯೋಪಿಯಾದಲ್ಲಿ ಭೀಕರ ಬರ ಬಂದಾಗ ಈಜಿಪ್ಟ್ ಉಳಿದದ್ದು ಅಸ್ವಾನ್‌ನಲ್ಲಿ ನಿಂತ ನೀರಿನಿಂದಲೇ. ಕರೆಂಟೂ ಬಂತು. ನಮ್ಮ ಶರಾವತಿಗೆ ಲಿಂಗನಮಕ್ಕಿ ಆದದ್ದೂ 1964ರಲ್ಲೇ, ಆ ಕರೆಂಟಿನಲ್ಲಿ ನಾವೂ ಓದಿದವರು. ಲಾಭ ಒಂದು ಕಡೆ, ನಷ್ಟ ಇನ್ನೊಂದು ಕಡೆಯವರಿಗೆ, ಅದನ್ನೂ ಹೇಳಲಿ ಮಗು.

ಶಿರಸಿ_ತೋಟ
ತಂಗಿ, ಹಾಳಾದ ಕತೆಯೊಂದೇ ಹೇಳಿಸಬೇಡ. ಸಹಾರಾದ ದಕ್ಷಿಣ ಅಂಚಿನ ನೈಜರ್ ದೇಶದ್ದೂ ಸೇರಿಸು. ಫ್ರೆಂಚರ ಕಾಲದಿಂದ ಅಲ್ಲಿ ಹೊಲದಲ್ಲಿ ಹುಟ್ಟಿದ ಮರವೂ ಸರ್ಕಾರದ್ದು ಅಂತಿತ್ತು. ನಮ್ಮದಲ್ಲದ ಮರ ನಮಗ್ಯಾಕೆ ಅಂತ ರೈತರು ಚಿಗುರನ್ನೇ ಕಿತ್ತು ಹಾಕುತ್ತಿದ್ದರು. 1980ರ ದಶಕದಿಂದ ಆ ಹಿಡಿತ ಸಡಿಲವಾಯಿತು. ಅವರು ಗಿಡ ನೆಡಲೇ ಇಲ್ಲ, ಹಳೇ ಬೊಡ್ಡೆಯಿಂದ ಒಡೆದ ಚಿಗುರಿನಲ್ಲಿ ಗಟ್ಟಿಯಾದ ಎರಡು ಮೂರು ಉಳಿಸಿ ಬಾಕಿ ಸವರಿದರು. ಅಷ್ಟರಿಂದಲೇ ಸುಮಾರು 50 ಲಕ್ಷ ಹೆಕ್ಟೇರಿನಲ್ಲಿ ಮರ ಎದ್ದು ನಿಂತಿದೆ. ಅಲ್ಲಿ ಗಾವೋ ಅಂತ ಒಂದು ಮರ ಇದೆ, ಮಳೆಗಾಲದಲ್ಲಿ ಎಲೆ ಉದುರಿಸಿ ಬೇಸಿಗೆಯಲ್ಲಿ ಹಸಿರಾಗುತ್ತದೆ! ಹಾಗಾಗಿ ಬೆಳೆಗೆ ಬಿಸಿಲೂ ಸಿಗುತ್ತದೆ, ಗೊಬ್ಬರವೂ ಸಿಗುತ್ತದೆ.

ತೋಟಕ್ಕೆ ಸೊಪ್ಪು ತರುವ ನಮ್ಮ ಸೊಪ್ಪಿನಬೆಟ್ಟದ ಕಾಡು ನೆನಪಾಯಿತು. ಜೋಪಾನ ಮಾಡಿದವರ ಬೆಟ್ಟದಲ್ಲಿ ಇವತ್ತಿಗೂ ದರಕು (ಒಣಗಿ ಬಿದ್ದ ಎಲೆ) ಸಿಗುತ್ತದೆ, ಕೆಳಗೆ ತೋಟಕ್ಕೆ ಒರತೆ ಇದೆ. ಕಡಿದು ಬೋಳು ಮಾಡಿದ ಕಡೆ ಮಾರ್ಚ್‌ಗೇ ಬಾವಿ ಬತ್ತುತ್ತದೆ.

ಕುಮಟಾ_ಅಮ್ಮ
ಬಾಟಲಿ ಕಿಟಕಿಯಲ್ಲಿ ಇಟ್ಟಿದ್ದೆವು. ಬೆಳಿಗ್ಗೆ ನೋಡಿದರೆ ಮೇಲೆ ತಿಳಿನೀರು, ತಳದಲ್ಲಿ ಬೆರಳಗಲ ಕೆಂಪು ಮಣ್ಣು. ತುಂಬಾ ಹೊತ್ತು ನೋಡಿದಳು. ಆಮೇಲೆ "ಅಮ್ಮ, ಈ ತಿಳಿನೀರು ಮಾತ್ರ ಬಂದರೆ ಬಳಚು ಏನು ತಿನ್ನುತ್ತೆ?" ಅಂತ ಕೇಳಿದಳು. ಪಟ್ಟಿ ಬದಿಗಿಟ್ಟು ನೈಲ್ ಬಗ್ಗೆ ಬರೆಯಲು ಕೂತಿದ್ದಾಳೆ. ಬಾಟಲಿ ಶಾಲೆಗೂ ಹೋಗುತ್ತಂತೆ.