ಊಟದ ಚಿತ್ರಸರಣಿಗೆ ನಿಜವಾದ ಅರಿಶಿನ, ಕಾಫಿ ಬಳಸಬಹುದೇ?

ಕುಂಚಮಿತ್ರ:
ಆಹಾರ ಮತ್ತು ಅಸ್ಮಿತೆ ಕುರಿತ ಸರಣಿ ಮಾಡುತ್ತಿದ್ದೇನೆ. ಉಂಡೆದ್ದ ತಟ್ಟೆ, ಎಂಜಲು ಬಟ್ಟಲು, ಮೇಜುಬಟ್ಟೆಯ ಕಲೆಗಳೇ ವಿಷಯ. ಅಕ್ರಿಲಿಕ್ ಮೀಡಿಯಂಗೆ (ಬಣ್ಣಕ್ಕೆ ಬೆರೆಸುವ ಅಂಟುದ್ರವ) ಅರಿಶಿನ, ಬೀಟ್‌ರೂಟ್ ರಸ, ಕಾಫಿ ಬೆರೆಸಿ ಕಲೆ ಮೂಡಿಸಿದರೆ ಬಣ್ಣ ನಿಲ್ಲುತ್ತದೆಯೇ? ಚಿತ್ರಗಳು ಹೋಟೆಲಿನ ಮೆನು ಕಾರ್ಡಿನಂತೆ ಕಾಣುತ್ತಿವೆ, ಅದಕ್ಕೇನು ಮಾಡಲಿ?

ವರ್ಣಲೇಪ:
ನಿಲ್ಲುವುದಿಲ್ಲ. ಅರಿಶಿನಕ್ಕೆ ಹಳದಿ ಕೊಡುವ ಕರ್ಕ್ಯುಮಿನ್ ಬೆಳಕಿಗೆ ಬೇಗ ಮಾಸುತ್ತದೆ. ಅಕ್ರಿಲಿಕ್ ಮೀಡಿಯಂ ಸ್ವಲ್ಪ ಕ್ಷಾರೀಯ, ಅರಿಶಿನವೋ ಕ್ಷಾರ ತಗುಲಿದರೆ ಕೆಂಪಡರುತ್ತದೆ. ಹಳದಿ ಅಂತ ಹಚ್ಚಿದ್ದು ಕಾವಿಗೆ ತಿರುಗಬಹುದು. ಬೀಟ್‌ರೂಟ್ ಕೂಡ ಮಾಸಿ ಕಂದಾಗುತ್ತದೆ, ಅದರ ಸಕ್ಕರೆಗೆ ಬೂಷ್ಟು ಹಿಡಿಯುವುದು ಬೇರೆ. ಯುವಿ ವಾರ್ನಿಶ್ (ಅತಿನೇರಳೆ ಕಿರಣ ತಡೆಯುವ ಮೇಲ್ಲೇಪ) ಮಾಸುವುದನ್ನು ಮುಂದೂಡುತ್ತದೆ, ತಪ್ಪಿಸುವುದಿಲ್ಲ.

ಇವುಗಳ ಬದಲು ಅಕ್ರಿಲಿಕ್ ಬಣ್ಣದ ಟ್ಯೂಬ್ ಖರೀದಿಸಿ, ಹಿಂದೆ ಪಿಗ್ಮೆಂಟ್ ಸಂಖ್ಯೆ (ಒಳಗಿರುವ ಬಣ್ಣಪುಡಿಯ ಸಂಕೇತ) ನೋಡಿ. ಅರಿಶಿನಕ್ಕೆ ಪಿವೈ 150, ಬೀಟ್‌ರೂಟಿಗೆ ಪಿವಿ 19, ಕಾಫಿಗೆ ಬರ್ನ್ಟ್ ಅಂಬರ್ ಎಂಬ ಕಂದು. ಒಂದು ಪಾಲು ಬಣ್ಣಕ್ಕೆ ಎಂಟು-ಹತ್ತು ಪಾಲು ಗ್ಲೇಜಿಂಗ್ ಮೀಡಿಯಂ (ಬಣ್ಣವನ್ನು ತೆಳು, ಪಾರದರ್ಶಕ ಮಾಡುವ ದ್ರವ). ನಿಜವಾದ ಕಲೆ ಒಣಗುವಾಗ ಬಣ್ಣವೆಲ್ಲ ಅಂಚಿಗೆ ಸರಿಯುತ್ತದೆ, ಅದಕ್ಕೇ ಅಂಚು ಗಾಢ. ತೆಳುವಾಗಿ ಬಳಿದು, ಅಂಚು ಒಣಗಿ ನಡುವೆ ಇನ್ನೂ ಹಸಿ ಇರುವಾಗ ಒದ್ದೆ ಬಟ್ಟೆಯಿಂದ ನಡುಭಾಗ ಒತ್ತಿ ತೆಗೆಯಿರಿ. ಉಜ್ಜಿದರೆ ಅಂಚೂ ಎದ್ದುಬರುತ್ತದೆ.

ಕೊಳೆಯುವುದೇ ವಿಷಯವಾದರೆ ಮಾತು ಬೇರೆ. ಕಲಾವಿದ ಡೀಟರ್ ರಾಟ್ 1960ರ ದಶಕದಲ್ಲಿ ಚಾಕೊಲೇಟಿನಲ್ಲೇ ಕೃತಿ ಮಾಡಿ ಹಾಳಾಗಲು ಬಿಟ್ಟರು. ಆದರೆ ಕೊಳ್ಳುವವರಿಗೆ ಮೊದಲೇ ಹೇಳಿಬಿಡಿ.

ಮಸಿಬಟ್ಟಲು:
ಮೆನುವಿನ ಕಳೆ ಬರುವುದು ಓರೆಕೋನ, ಎಲ್ಲೆಡೆ ಒಂದೇ ಬೆಳಕು, ತುಂಬಿದ ತಟ್ಟೆ ಮೂರೂ ಸೇರಿದಾಗ. ನೇರ ಮೇಲಿನಿಂದ ನೋಡಿ, ಒಂದೇ ಬದಿಯಿಂದ ದೀಪ ಇಡಿ, ತಟ್ಟೆಯನ್ನು ಚೌಕಟ್ಟಿನಲ್ಲಿ ಕತ್ತರಿಸಿ. ನೆರಳಿಗೆ ಕಪ್ಪು ಬೇಡ. ಅಮೆರಿಕದ ಚಿತ್ರಕಾರ ವೇಯ್ನ್ ಥೀಬೋ ಬರೆದ ಕೇಕುಗಳ ಕೆಳಗಿನ ನೀಲಿ ನೆರಳು ಗಮನಿಸಿ. ಅನ್ನವನ್ನು ಅಗುಳು ಅಗುಳಾಗಿ ಬಿಡಿಸಿದರೆ ಮುತ್ತು ಸುರಿದಂತಾಗುತ್ತದೆ. ಎರಡು ಮಧ್ಯಮ ಛಾಯೆಯಲ್ಲಿ ರಾಶಿ ಮುಗಿಸಿ, ಬೆಳಕು ಬೀಳುವ ಅಂಚಿಗೆ ಮಾತ್ರ ಹತ್ತಿಪ್ಪತ್ತು ಅಗುಳು ಸಾಕು.

ಅಸ್ಮಿತೆ ಅಂತ ಮುಖವನ್ನೇ ಬರೆದು ಪಕ್ಕಕ್ಕಿಡುವುದು ಸೋಮಾರಿತನ. ಚಿತ್ರಕಾರ್ತಿ ಕ್ಲಾರಾ ಪೀಟರ್ಸ್ ಸುಮಾರು 1615ರಲ್ಲಿ ಚೀಸು, ಬಾದಾಮಿ ಇಟ್ಟು ಬರೆದ ಚಿತ್ರದಲ್ಲಿ ಬೆಳ್ಳಿಚಾಕುವಿನ ಮೇಲೆ ಅವರ ಹೆಸರಿದೆ, ಹೂಜಿಯ ಲೋಹದ ಮುಚ್ಚಳದಲ್ಲಿ ಅವರದೇ ಪುಟ್ಟ ಪ್ರತಿಬಿಂಬ!

ಕುಂಚಮಿತ್ರ:
ಕಲೆ ಅಕ್ರಿಲಿಕ್‌ನಲ್ಲಿ, ಲೋಹದ ಪಾತ್ರೆ ಎಣ್ಣೆಬಣ್ಣದಲ್ಲಿ ಮಾಡಬಹುದಾ?

ವರ್ಣಲೇಪ:
ಮಾಡಬಹುದು, ಅಕ್ರಿಲಿಕ್ ಪೂರ್ತಿ ಒಣಗಿದ ಮೇಲೆ. ತಿರುಗುಮುರುಗು ಮಾಡಿ ಎಣ್ಣೆಬಣ್ಣದ ಮೇಲೆ ಅಕ್ರಿಲಿಕ್ ಬಳಿದರೆ ಪದರ ಕಿತ್ತುಬರುತ್ತದೆ. ಗ್ಲೇಜಿಂಗ್ ಮೀಡಿಯಂ ಮ್ಯಾಟ್ (ಹೊಳಪಿಲ್ಲದ್ದು) ಇರಲಿ, ಹೊಳಪಿನ ಮೀಡಿಯಂ ಮೇಲೆ ಎಣ್ಣೆಬಣ್ಣ ಸರಿಯಾಗಿ ಹಿಡಿಯುವುದಿಲ್ಲ.