ಅಮ್ಮನ ಎಂಆರ್‌ಐ ರಿಪೋರ್ಟಲ್ಲಿ 'ವಯಸ್ಸಿಗೆ ತಕ್ಕ ಬದಲಾವಣೆ' ಅಂತ ಬಂದಿದೆ. ಹಾಗಾದರೆ ಮರೆವಿನ ಕಾಯಿಲೆ ಇಲ್ವಾ?

ಹುಳುಮನೆ (ಶಿಡ್ಲಘಟ್ಟ ತಾಲ್ಲೂಕು):

ಎಲ್ಲರಿಗೂ ನಮಸ್ಕಾರ. ನಮ್ಮದು ರೇಷ್ಮೆ ಬೆಳೆಯುವ ಮನೆ. ಅಮ್ಮನಿಗೆ 68 ವರ್ಷ. ನಾನು ಮದುವೆಯಾಗಿ ಪಕ್ಕದ ಬೀದಿಯಲ್ಲೇ ಇದ್ದೇನೆ, ದಿನಾ ಬಂದು ಹೋಗುತ್ತೇನೆ.

ಹುಳು ನೋಡುವುದರಲ್ಲಿ ಅಮ್ಮನನ್ನು ಮೀರಿಸಿದವರು ನಮ್ಮೂರಲ್ಲಿ ಇರಲಿಲ್ಲ. ಹುಳು ಮೇವು ಬಿಟ್ಟು ಪೊರೆ ಕಳಚುವ ಹೊತ್ತಿಗೆ ನಾವು ಜ್ವರ ಅನ್ನುತ್ತೇವೆ. ಹುಳು ಜ್ವರಕ್ಕೆ ಕೂತಿದೆಯಾ, ಎದ್ದಿದೆಯಾ ಅಂತ ಬಾಗಿಲಲ್ಲಿ ನಿಂತೇ ಹೇಳುತ್ತಿದ್ದಳು. ಕಳೆದ ಬೆಳೆಯಲ್ಲಿ ನಾಲ್ಕನೇ ಜ್ವರ. ಹುಳುಗಳೆಲ್ಲ ತಲೆ ಎತ್ತಿಕೊಂಡು ಅಲ್ಲಾಡದೆ ಕೂತಿದ್ದವು. ಆ ಹೊತ್ತಲ್ಲಿ ಸೊಪ್ಪು ಹಾಕಬಾರದು ಅಂತ ನನಗೆ ಕಲಿಸಿದವಳೇ ಅಮ್ಮ. ಅವಳೇ ಹೋಗಿ ಸೊಪ್ಪು ಹರಡಿದ್ದಳು. ಅಪ್ಪ ತೆಗೆದು ಹಾಕಿದರೆ ಮತ್ತೆ ಹಾಕಿದಳು. ಕೇಳಿದರೆ "ಪಾಪ, ಹಸಿದಿರ್ತಾವಲ್ಲ" ಅಂದಳು. ನನ್ನ ಎದೆ ಧಸಕ್ ಅಂತು. ಬೀಗದಕೈ ಎಲ್ಲಿಟ್ಟೆ ಅಂತ ಮರೆಯುವುದು ಬೇರೆ. ಇದು ಅವಳ ಕೈಗೇ ಗೊತ್ತಿದ್ದ ಕೆಲಸ.

ಆಮೇಲೆ ನೋಡುತ್ತಾ ಹೋದರೆ ಒಂದೊಂದೇ ಕಾಣತೊಡಗಿತು. ಗೂಡು ಮಾರಿದ ದುಡ್ಡು ಎಣಿಸಲು ಆಗುತ್ತಿಲ್ಲ. "ತಮ್ಮ ಊಟ ಮಾಡಿದನಾ" ಅಂತ ಒಂದೇ ಗಂಟೆಯಲ್ಲಿ ನಾಲ್ಕು ಸಲ ಕೇಳುತ್ತಾಳೆ. ತಮ್ಮ ಇರುವುದು ಬೆಂಗಳೂರಲ್ಲಿ.

ಡಾಕ್ಟರ್ ರಕ್ತ ಪರೀಕ್ಷೆ ಬರೆದರು, ಜೊತೆಗೆ ಎಂಆರ್‌ಐ. ಲೋಹ ಏನೂ ಇರಬಾರದು ಅಂದರು. ಅಮ್ಮ ಬಳೆ, ಕಾಲುಂಗುರ, ಮೂಗುಬೊಟ್ಟು ಎಲ್ಲ ಕೊಟ್ಟಳು. ಮಾಂಗಲ್ಯ ಮಾತ್ರ ಬಿಚ್ಚಲ್ಲ ಅಂತ ಅತ್ತಳು. ಕೊನೆಗೆ ಅಪ್ಪ ಹೊರಗೆ ಹೋಗಿ ಅರಿಶಿನದ ಕೊಂಬು ತಂದು, ದಾರಕ್ಕೆ ಕಟ್ಟಿ, ಅಲ್ಲೇ ಬೆಂಚಿನ ಮೇಲೆ ಕೂರಿಸಿ ಕುತ್ತಿಗೆಗೆ ಹಾಕಿದರು. ಆಮೇಲೆ ಒಳಗೆ ಹೋದಳು.

ಇಷ್ಟೆಲ್ಲ ಆಗಿ ಬಂದ ರಿಪೋರ್ಟಲ್ಲಿ ಮೆದುಳು ವಯಸ್ಸಿಗೆ ತಕ್ಕಂತೆ ಸ್ವಲ್ಪ ಕುಗ್ಗಿದೆ, ಗಡ್ಡೆ ಇಲ್ಲ, ರಕ್ತಸ್ರಾವ ಇಲ್ಲ ಅಂತ ಬರೆದಿದೆ. ರಿಪೋರ್ಟ್ ಕೊಟ್ಟವರು "ಏನೂ ಇಲ್ಲಮ್ಮ, ವಯಸ್ಸಾಗಿದೆ ಅಷ್ಟೇ" ಅಂದುಬಿಟ್ಟರು. ತಮ್ಮ ಅದನ್ನೇ ಹಿಡಿದಿದ್ದಾನೆ. "ಅಕ್ಕ, ನೀನು ಸುಮ್ನೆ ಹೆದರಿಸ್ತೀಯ" ಅಂತಾನೆ.

ಸ್ಕ್ಯಾನಲ್ಲಿ ಕಾಣದಿದ್ದರೆ ಕಾಯಿಲೆ ಇಲ್ಲ ಅಂತಲೇ ಅರ್ಥವಾ? ಪೆಟ್ ಸ್ಕ್ಯಾನ್ ಮಾಡಿಸಿದರೆ ಗೊತ್ತಾಗುತ್ತದೆ ಅಂತ ಒಬ್ಬರು ಹೇಳಿದರು. ಮಾಡಿಸಬೇಕಾ? ಗೊತ್ತಿದ್ದವರು ದಯವಿಟ್ಟು ಹೇಳಿ.

ಸ್ಕ್ಯಾನ್ ರೂಮ್ (ಕೋಲಾರ):

ಮೇಡಂ, ನಾನು ಡಾಕ್ಟರ್ ಅಲ್ಲ. 16 ವರ್ಷದಿಂದ ಎಂಆರ್‌ಐ ಟೆಕ್ನಿಷಿಯನ್. ನಿಮ್ಮ ತಂದೆ ಮಾಡಿದ ಹಾಗೆ ಅರಿಶಿನದ ದಾರ ಕಟ್ಟಿಕೊಂಡು ಬರುವ ಎಷ್ಟೋ ತಾಯಂದಿರನ್ನು ನೋಡಿದ್ದೇನೆ.

ಎಂಆರ್‌ಐ ತೆಗೆಯುವುದು ಮೆದುಳಿನ ಆಕಾರದ ಚಿತ್ರ. ನೆನಪಿನ ಚಿತ್ರ ಅಲ್ಲ. ಮರೆವಿಗೆ ಬೇರೆ ಕಾರಣ ಇದೆಯಾ ಅಂತ ನೋಡುವುದು ಅದರ ಮೊದಲ ಕೆಲಸ. ಗಡ್ಡೆ, ಹೆಪ್ಪುಗಟ್ಟಿದ ರಕ್ತ, ಒಳಗೆ ನೀರು ತುಂಬಿರುವುದು, ಗೊತ್ತೇ ಆಗದೆ ಆಗಿಹೋದ ಸಣ್ಣ ಸ್ಟ್ರೋಕ್, ಇಂಥವು. ನಿಮ್ಮ ತಾಯಿಗೆ ಗಡ್ಡೆ, ರಕ್ತಸ್ರಾವ ಇಲ್ಲ ಅಂತ ಬಂದಿದೆ. ಅದು ಒಳ್ಳೆಯ ಸುದ್ದಿಯೇ.

ಇನ್ನೊಂದು, ಕುಗ್ಗಿರುವ ಜಾಗ. ಕಿವಿಯ ನೇರಕ್ಕೆ ಒಳಗಡೆ, ಎರಡೂ ಪಕ್ಕ, ಹಿಪೊಕ್ಯಾಂಪಸ್ ಅಂತ ಒಂದು ಸಣ್ಣ ಭಾಗ ಇದೆ. ಹೊಸ ನೆನಪು ಕೂಡಿಡಲು ಅದು ಬೇಕು. ಅಲ್ಜೈಮರ್ ಅನ್ನುವ ಮರೆವಿನ ಕಾಯಿಲೆಯಲ್ಲಿ ಸಾಮಾನ್ಯವಾಗಿ ಆ ಭಾಗ ಬೇಗ ಸವೆಯುತ್ತದೆ. ಅದು ಎಷ್ಟು ಸವೆದಿದೆ ಅಂತ ರೇಡಿಯಾಲಜಿಸ್ಟ್‌ಗಳು 0ಯಿಂದ 4ರವರೆಗೆ ಅಂಕ ಕೊಡುವ ಪದ್ಧತಿ ಇದೆ. ಎಲ್ಲ ರಿಪೋರ್ಟಲ್ಲೂ ಅದನ್ನು ಬರೆಯುವುದಿಲ್ಲ. ನಿಮ್ಮದರಲ್ಲಿ ಇಲ್ಲದಿದ್ದರೆ ಆ ಭಾಗ ಹೇಗಿದೆ ಅಂತ ಕೇಳಿ. ಕಾಗದ ಮಾತ್ರ ಅಲ್ಲ, ಫಿಲಂ, ಸಿಡಿ ಎರಡನ್ನೂ ನರರೋಗ ತಜ್ಞರಿಗೆ ತೋರಿಸಿ.

ಕಾಯಿಲೆ ಶುರುವಿನಲ್ಲಿದ್ದಾಗ ಸ್ಕ್ಯಾನ್ ಸರಿಯಾಗಿಯೇ ಕಾಣಬಹುದು. ಮೆದುಳು ಕುಗ್ಗಿದ್ದರೂ ಚುರುಕಾಗಿರುವ ಹಿರಿಯರೂ ಇದ್ದಾರೆ. ಅದಕ್ಕೇ ಚಿತ್ರ ಒಂದನ್ನೇ ನೋಡಿ ಹೌದು, ಇಲ್ಲ ಅನ್ನಲು ಬರುವುದಿಲ್ಲ.

ಪೆಟ್ ಸ್ಕ್ಯಾನ್ ಬೇರೆ ಥರ. ಸಕ್ಕರೆಯಂಥ ವಸ್ತುವಿಗೆ ಸ್ವಲ್ಪ ವಿಕಿರಣ ಸೇರಿಸಿ ನರಕ್ಕೆ ಕೊಡುತ್ತಾರೆ. ಮೆದುಳಿನ ಯಾವ ಭಾಗ ಸಕ್ಕರೆ ಕಡಿಮೆ ಬಳಸುತ್ತಿದೆ ಅಂತ ಕಾಣುತ್ತದೆ. ಅಮಿಲಾಯ್ಡ್ ಅನ್ನುವ ಪ್ರೋಟೀನ್ ಕೂತಿದೆಯಾ ಅಂತ ತೋರಿಸುವ ಪೆಟ್ ಕೂಡ ಇದೆ. ಅಮೆರಿಕದಲ್ಲಿ ಅದಕ್ಕೆ ಮೊದಲ ಅನುಮತಿ ಸಿಕ್ಕಿದ್ದು 2012ರಲ್ಲಿ. ಆದರೆ ಮರೆವೇ ಇಲ್ಲದ ಕೆಲವು ವಯಸ್ಸಾದವರಲ್ಲೂ ಆ ಪ್ರೋಟೀನ್ ಇರುತ್ತದೆ. ಖರ್ಚೂ ಜಾಸ್ತಿ. ತಜ್ಞರು ಬೇಕು ಅಂದರೆ ಮಾತ್ರ ಮಾಡಿಸಿ. ನೀವಾಗಿಯೇ ಹೋಗಬೇಡಿ.

ಮುಳಬಾಗಿಲು ಸೊಸೆ:

ಅಕ್ಕ, ಅಮ್ಮ ಇತ್ತೀಚೆಗೆ ಎಲ್ಲಾದರೂ ಬಿದ್ದಿದ್ದರಾ? ನಮ್ಮ ಮಾವ ಬಚ್ಚಲಲ್ಲಿ ಜಾರಿ ಬಿದ್ದಿದ್ದರು. ಗಾಯ ಇರಲಿಲ್ಲ, ನಾವೂ ಮರೆತೆವು. ಒಂದೂವರೆ ತಿಂಗಳಾದ ಮೇಲೆ ಮಂಕಾದರು. ಮಂಡಿಗೆ ಹಾಕಿದ ಟೊಮೆಟೊ ಬಾಕ್ಸ್ ಲೆಕ್ಕ ತಪ್ಪುತ್ತಿತ್ತು. ಒಂದು ಕಾಲು ಎಳೆಯುತ್ತಿದ್ದರು. ಎಲ್ಲರೂ ವಯಸ್ಸು ಅಂದರು. ಸಿಟಿ ಸ್ಕ್ಯಾನ್ ಮಾಡಿಸಿದರೆ ಬುರುಡೆ ಒಳಗೆ ರಕ್ತ ನಿಂತಿತ್ತು. ಆಪರೇಷನ್ ಮಾಡಿ ತೆಗೆದರು. ಈಗ ಮತ್ತೆ ಅವರೇ ಮಂಡಿಗೆ ಹೋಗುತ್ತಾರೆ. ನಿಮ್ಮ ಅಮ್ಮನಿಗೆ ಅದು ಇಲ್ಲ ಅಂತ ಗೊತ್ತಾಯಿತಲ್ಲ, ಸ್ಕ್ಯಾನ್ ಮಾಡಿಸಿದ ದುಡ್ಡು ದಂಡ ಆಯಿತು ಅಂದುಕೊಳ್ಳಬೇಡಿ.

ಮಾವಿನ ತೋಪು (ಶ್ರೀನಿವಾಸಪುರ):

ನಮ್ಮ ತಾಲ್ಲೂಕಿನ ಹಳ್ಳಿಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರದವರು ದೊಡ್ಡ ಅಧ್ಯಯನ ನಡೆಸುತ್ತಿದ್ದಾರೆ. 45 ದಾಟಿದವರನ್ನು ಸೇರಿಸಿಕೊಂಡು ವರ್ಷಗಟ್ಟಲೆ ನೋಡುವುದು. ಸುಮಾರು 10,000 ಜನರ ಗುರಿ. ನಮ್ಮ ದೊಡ್ಡಪ್ಪನೂ ಇದ್ದಾರೆ. ಅವರಿಗೆ ಸ್ಕ್ಯಾನ್ ಜೊತೆಗೆ ರಕ್ತ ಪರೀಕ್ಷೆ, ಪ್ರಶ್ನೆ ಕೇಳಿ ಮಾಡುವ ನೆನಪಿನ ಪರೀಕ್ಷೆ ಎಲ್ಲ ಮಾಡಿದರು. ಮೂರನ್ನೂ ಸೇರಿಸಿ ನೋಡುತ್ತಾರೆ.

ಮನೆಯಲ್ಲಿ ತೆಲುಗು ಮಾತಾಡುವವರಾದರೆ ನೆನಪಿನ ಪರೀಕ್ಷೆ ತೆಲುಗಲ್ಲೇ ಮಾಡಿ ಅಂತ ಕೇಳಿ. ನಮ್ಮ ಅಜ್ಜಿ ಕನ್ನಡದಲ್ಲಿ ಕೇಳಿದಾಗ ತಡವರಿಸಿದರು, ತೆಲುಗಲ್ಲಿ ಕೇಳಿದಾಗ ಪಟಪಟ ಹೇಳಿದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ತಯಾರಿಸಿದ ಪರೀಕ್ಷೆ ಎರಡೂ ಭಾಷೆಯಲ್ಲಿ ಇದೆ. ಮತ್ತೆ, ನಿಮ್ಹಾನ್ಸ್ ಜೊತೆ ಸೇರಿ ಸರ್ಕಾರ 2022ರಲ್ಲಿ ಶುರು ಮಾಡಿದ ಮೆದುಳು ಆರೋಗ್ಯ ಕಾರ್ಯಕ್ರಮಕ್ಕೆ ಮೊದಲು ಆರಿಸಿಕೊಂಡ ಜಿಲ್ಲೆಗಳಲ್ಲಿ ಕೋಲಾರ, ಚಿಕ್ಕಬಳ್ಳಾಪುರ ಎರಡೂ ಇದ್ದವು. ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲೇ ಮೊದಲು ವಿಚಾರಿಸಿ.

ಹುಳುಮನೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೂರು ವಾರ ಆಯಿತು, ತಜ್ಞರಿಗೆ ತೋರಿಸಿಕೊಂಡು ಬಂದೆವು. ಈ ಸಲ ತಮ್ಮನನ್ನೂ ಕರೆದುಕೊಂಡು ಹೋದೆ.

ಅಮ್ಮ ಎಲ್ಲೂ ಬಿದ್ದಿರಲಿಲ್ಲ. ಡಾಕ್ಟರ್ ಫಿಲಂ ಬೆಳಕಿಗೆ ಹಿಡಿದು ನೋಡಿ, ಸ್ಕ್ಯಾನ್ ರೂಮ್ ಸರ್ ಹೇಳಿದ ಜಾಗವನ್ನೇ ತೋರಿಸಿದರು. ಸವೆತ ಇದೆ, ಆದರೆ ಅದನ್ನೇ ನೋಡಿ ಹೇಳುವಷ್ಟಿಲ್ಲ ಅಂದರು. ಆಮೇಲೆ ಫಿಲಂ ಪಕ್ಕಕ್ಕಿಟ್ಟು, ಮನೆಯಲ್ಲಿ ಏನೇನು ಆಗುತ್ತಿದೆ ಹೇಳಿ ಅಂದರು. ನಾನು ನೋಟ್‌ಬುಕ್ಕಲ್ಲಿ ತಾರೀಖು ಸಮೇತ ಬರೆದುಕೊಂಡು ಹೋಗಿದ್ದೆ. ಜ್ವರದ ಹುಳುವಿಗೆ ಸೊಪ್ಪು ಹಾಕಿದ್ದು ಹೇಳಿದಾಗ ಅವರು ಪೆನ್ ಕೆಳಗಿಟ್ಟು ಪೂರ್ತಿ ಕೇಳಿದರು. ಎಷ್ಟು ವರ್ಷದಿಂದ ಈ ಕೆಲಸ ಮಾಡುತ್ತಿದ್ದರು ಅಂತ ವಿಚಾರಿಸಿದರು. ಅಮ್ಮನಿಗೆ ಮೂರು ಪದ ಹೇಳಿ, ಸ್ವಲ್ಪ ಹೊತ್ತು ಬಿಟ್ಟು ಕೇಳಿದರು. ಒಂದೂ ನೆನಪಾಗಲಿಲ್ಲ. ತಮ್ಮ ಅಲ್ಲೇ ಕೂತು ನೋಡಿದ. ಕಣ್ಣು ಒರೆಸಿಕೊಂಡ.

ಅಲ್ಜೈಮರ್ ಶುರುವಾಗಿರುವ ಹಾಗೆ ಕಾಣುತ್ತದೆ ಅಂದಿದ್ದಾರೆ. ವಿಟಮಿನ್ ಬಿ12 ಕೂಡ ತುಂಬಾ ಕಡಿಮೆ ಇದೆಯಂತೆ, ಅದಕ್ಕೆ ಇಂಜೆಕ್ಷನ್. ಒಂದು ಮಾತ್ರೆ ಕೊಟ್ಟಿದ್ದಾರೆ. ಅದು ಕಾಯಿಲೆ ವಾಸಿ ಮಾಡುವುದಿಲ್ಲ, ಸ್ವಲ್ಪ ಕಾಲ ನೆನಪಿಗೆ ಆಸರೆಯಾಗಬಹುದು ಅಂತ ಬಿಡಿಸಿ ಹೇಳಿದರು. ಪೆಟ್ ಸ್ಕ್ಯಾನ್ ಸದ್ಯಕ್ಕೆ ಬೇಡ, ಆರು ತಿಂಗಳು ಬಿಟ್ಟು ಬನ್ನಿ ಅಂದರು.

ತಮ್ಮ ಈಗ ಪ್ರತಿ ಭಾನುವಾರ ಬರುತ್ತಾನೆ. ಹುಳುಮನೆಗೆ ಹೋಗಬೇಡ ಅಂತ ಅಮ್ಮನಿಗೆ ಹೇಳಲು ನಮಗೆ ಯಾರಿಗೂ ಮನಸ್ಸು ಬರಲಿಲ್ಲ. ಹುಳು ಜ್ವರಕ್ಕೆ ಕೂತ ದಿನ ಅಪ್ಪ ಬಾಗಿಲಿಗೆ ಒಂದು ಕೆಂಪು ಬಟ್ಟೆ ಕಟ್ಟುತ್ತಾರೆ. ಮೊನ್ನೆ ಅಮ್ಮ ಸೊಪ್ಪಿನ ಪುಟ್ಟಿ ಹೊತ್ತುಕೊಂಡು ಹೋದವಳು ಬಟ್ಟೆ ನೋಡಿ ನಿಂತಳು. ಪುಟ್ಟಿ ಇಳಿಸಿ, ಹೊಸ್ತಿಲ ಮೇಲೆ ಕೂತು, "ಮಲಗಿದಾವೆ, ಸದ್ದು ಮಾಡ್ಬೇಡ" ಅಂದಳು ನನಗೆ.