ಸಹಾಯ ಬೇಕು: ಬಯಾಪ್ಸಿ ವರದಿ ಬರುವ ತನಕದ ದಿನಗಳಿಗೆ ಒಂದು ಕೈಚೀಟಿ

ಸ್ತನದಲ್ಲಿ ಗಂಟು ಕಂಡು, ಬಯಾಪ್ಸಿ (ಗಂಟಿನ ಚಿಕ್ಕ ತುಣುಕು ತೆಗೆದು ಮಾಡುವ ಪರೀಕ್ಷೆ) ಮಾಡಿಸಿ ವರದಿಗೆ ಕಾಯುವವರಿಗೆ ಒಂದು ಪುಟದ ಕನ್ನಡ ಕೈಚೀಟಿ ತಯಾರಾಗುತ್ತಿದೆ. ತಿದ್ದುವವರು ಬೇಕು. ಪೆಥಾಲಜಿ, ನರ್ಸಿಂಗ್ ಗೊತ್ತಿದ್ದವರಾದರೆ ಇನ್ನೂ ಒಳ್ಳೆಯದು.

ಈಗ ಬರೆದಿರುವುದು ಇಷ್ಟು. ವರದಿ ತಡವಾಯಿತೆಂದರೆ ಕೆಟ್ಟ ಸುದ್ದಿ ಅಂತಲ್ಲ. ತೆಗೆದ ತುಣುಕು ಕೆಡದಂತೆ ಕಾಪಾಡುವ ಫಾರ್ಮಲಿನ್ ದ್ರವದಲ್ಲಿ ಕನಿಷ್ಠ 6 ಗಂಟೆ ನೆನೆಯಬೇಕು. ಆಮೇಲೆ ಮೇಣದಲ್ಲಿ ಹುದುಗಿಸಿ, ತೆಳ್ಳಗೆ ಸೀಳಿ, ಬಣ್ಣ ಹಾಕಬೇಕು. ಹೆಚ್ಚುವರಿ ಪರೀಕ್ಷೆ ಬೇಕೆಂದರೆ ಮತ್ತೆ ಕೆಲವು ದಿನ. ಅದಕ್ಕೇ ಸ್ಯಾಂಪಲ್ ಕೊಟ್ಟ ದಿನವೇ ಕೇಳಿಟ್ಟುಕೊಳ್ಳಿ: ವರದಿ ಯಾವತ್ತು, ಯಾರು ವಿವರಿಸುತ್ತಾರೆ, ಬರದಿದ್ದರೆ ಯಾವ ನಂಬರಿಗೆ ಫೋನ್.

ಗಂಟನ್ನು ಮತ್ತೆ ಮತ್ತೆ ಒತ್ತಿ ನೋಡುವುದೇ ದೊಡ್ಡ ಕಾಟ. ಒತ್ತಿದಷ್ಟೂ ನೋವು, ನೋವಾದಷ್ಟೂ 'ದೊಡ್ಡದಾಗಿದೆ' ಅನ್ನಿಸುತ್ತದೆ. ಸೂಜಿ ಹಾಕಿದಲ್ಲಿ ರಕ್ತ ಕಟ್ಟಿ ಗಟ್ಟಿಯಾಗುವುದೂ ಉಂಟು. ಆದರೆ ಜ್ವರ, ಹರಡುವ ಕೆಂಪು, ನಿಲ್ಲದ ರಕ್ತ ಇದ್ದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ.

ರಾತ್ರಿ ಗೂಗಲ್ ಬೇಡವೇ ಬೇಡ. ಮ್ಯಾಮೊಗ್ರಾಂ, ಸ್ಕ್ಯಾನ್ ವರದಿಯಲ್ಲಿ ಗಂಟಿಗೆ ಕೊಡುವ ದರ್ಜೆ 'ಬೈರ್ಯಾಡ್ಸ್ 4' ಎಂಬುದರೊಳಗೆ ಕ್ಯಾನ್ಸರ್ ಸಾಧ್ಯತೆ ಶೇ. 2ರಿಂದ 95ರವರೆಗೂ ಇರಬಹುದು. ಆ ಅಂಕಿ ಹಿಡಿದು ನಿದ್ದೆ ಕೆಡಿಸಿಕೊಂಡು ಏನು ಪ್ರಯೋಜನ? ಚಿಂತೆಗೆ ಸಂಜೆ 15 ನಿಮಿಷ ಮೀಸಲಿಡಿ, ಕಾಗದದ ಮೇಲೆ ಬರೆಯಿರಿ. ಎದೆ ಡವಗುಟ್ಟಿದರೆ 4 ಎಣಿಸುತ್ತ ಉಸಿರು ಒಳಗೆ, 6 ಎಣಿಸುತ್ತ ಹೊರಗೆ, ಐದು ನಿಮಿಷ. ತಡೆಯಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416. ಉಚಿತ, ಕನ್ನಡದಲ್ಲೂ ಮಾತಾಡಬಹುದು.

ಸಿಕ್ಕಿಕೊಂಡಿರುವುದು ಎರಡು ಕಡೆ. ವರದಿಯ 'ಸಸ್ಪಿಷಿಯಸ್' ಪದಕ್ಕೆ 'ಅನುಮಾನಾಸ್ಪದ' ಅಂದರೆ ಪೊಲೀಸ್ ಭಾಷೆಯಾಗುತ್ತದೆ. ಬೇರೆ ಪದ ಹೇಳಿ. ದಿನಾ ಫೋನ್ ಮಾಡಿ 'ಏನಾಯ್ತು?' ಅನ್ನುವ ನೆಂಟರಿಗೆ ಕಳಿಸಲು, ನೋಯಿಸದ ಎರಡು ಸಾಲಿನ ಮೆಸೇಜೂ ಬೇಕು.